ಬಾಟಮ್ ಎಷ್ಟಿಡಲಿ?

ಶಿರಸಿಯಲ್ಲಿ ಜೀನ್ಸ್ ಗಿಡ್ಡ ಮಾಡಿಸಲು ಎಲ್ಲಿಗೆ ಹೋಗಬೇಕು ಎಂದು ಕೇಳುವವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಹಳೇ ಬಸ್‌ಸ್ಟ್ಯಾಂಡಿನಿಂದ ಬಿಡಕಿಬೈಲಿನ ಕಡೆ ನಡೆದು ಬರುವಾಗ ಸಿಗುವ ಸಂದಿಯೊಂದರಲ್ಲಿ, ಮಹಡಿ ಮೆಟ್ಟಿಲಿನ ಕೆಳಗಿರುವ ಅಂಗಡಿ. ಬೋರ್ಡಿನ ಬಣ್ಣ ಮಳೆಗೆ ಹೋಗಿ ‘ಟೇಲರ್ಸ್’ನಲ್ಲಿ ‘ಲರ್ಸ್’ ಮಾತ್ರ ಉಳಿದಿದೆ. ಹೆಸರು ಹಾಕಬೇಡ ಎಂದು ಮಾಸ್ತರರೇ ಹೇಳಿದ್ದಾರೆ. ಇರುವ ಗಿರಾಕಿಗಳಿಗೇ ಹೇಳಿದ ದಿನಕ್ಕೆ ಕೊಡಲು ಆಗುತ್ತಿಲ್ಲವಂತೆ. ಅದು ಅಪ್ಪಟ ನಿಜ, ಆ ಕತೆಗೆ ಆಮೇಲೆ ಬರುತ್ತೇನೆ.

ನಾನು ಹೋಗಿದ್ದು ಮಗಳ ಪ್ಯಾಂಟಿನ ಕಾರಣಕ್ಕೆ. ಅವಳು ಪಿಯುಸಿ ಮೊದಲ ವರ್ಷ. ಈಗ ಆ ವಯಸ್ಸಿನವರಿಗೆಲ್ಲ ಅಗಲ ಪ್ಯಾಂಟೇ ಆಗಬೇಕು. ಆನ್‌ಲೈನಿನಲ್ಲಿ ತರಿಸಿದ್ದು ಸೊಂಟಕ್ಕೆ ಸರಿಯಾಗಿ ಕೂತಿತ್ತು, ಉದ್ದ ಮಾತ್ರ ನೆಲ ಗುಡಿಸುತ್ತಿತ್ತು. ಜಗುಲಿಯ ಮೇಲೆ ಕವಳ ಹಾಕುತ್ತ ಕೂತಿದ್ದ ಆಯಿ ತಲೆಯೆತ್ತಿ ನೋಡಿ, “ಇದೆಂತದೇ ಕೂಸೆ, ಒಂದ್ ಬದಿಯೊಳಗೇ ನಿನ್ನ ಎರಡೂ ಕಾಲು ಹಿಡೀತು!” ಅಂದಳು. ಮಗಳು, “ಅಮ್ಮಮ್ಮಾ, ಇದು ನೈಂಟೀಸ್ ಫ್ಯಾಶನ್, ನಿನ್ನ ಮಗಳು ಹಾಕಿದ್ದೇ ಇದು” ಎಂದು ನನ್ನ ಕಡೆ ಕೈ ತೋರಿಸಿದಳು. ನಾನು ಅಂಥದ್ದನ್ನು ಜನ್ಮದಲ್ಲಿ ಹಾಕಿಲ್ಲ. ಹಾಗೆಂದು ಹೇಳಿದರೆ ಅವಳು ನಂಬಲೂ ಇಲ್ಲ.

ಮಾಸ್ತರರು ಪ್ಯಾಂಟನ್ನು ತಿರುವಿ ಹಾಕಿ ಅಂಚು ನೋಡಿದರು. ಆಮೇಲೆ ಮಗಳ ಪಾದ ನೋಡಿದರು. “ಕಾಲೇಜಿಗೂ ಇದೇ ಚಪ್ಪಲೀನಾ, ಶೂಸಾ?” ಶೂಸ್ ಎಂದಳು. “ಹಾಗಾದ್ರೆ ಶೂಸ್ ಹಾಕ್ಕೊಂಡು ಬಾ ತಂಗಿ. ಚಪ್ಪಲಿ ಮೇಲೆ ಅಳತೆ ತೆಗೆದ್ರೆ ಶೂಸಿಗೆ ಮೇಲೆ ನಿಲ್ತದೆ, ಆಮೇಲೆ ಬಂದು ನನ್ನ ಮೇಲೆ ಸಿಟ್ಟು ಮಾಡ್ತೀ.” ಮೂವತ್ತು ವರ್ಷದ ಹಿಂದೆ ನನ್ನನ್ನೂ ತಂಗಿ ಅನ್ನುತ್ತಿದ್ದರು, ಈಗಲೂ ಅನ್ನುತ್ತಾರೆ. ತಾಯಿ ಮಗಳು ಇಬ್ಬರೂ ಅವರಿಗೆ ತಂಗಿಯರೇ.

ಜೀನ್ಸ್ ಗಿಡ್ಡ ಮಾಡುವುದರಲ್ಲಿ ಎರಡು ವಿಧ. ಹೆಚ್ಚಿನವರು ಬೇಡದಷ್ಟು ಕತ್ತರಿಸಿ, ಮಡಚಿ, ಸಿಕ್ಕಿದ ನೀಲಿ ದಾರದಲ್ಲಿ ಒಂದು ಹೊಲಿಗೆ ಓಡಿಸಿ ಕೊಡುತ್ತಾರೆ. ಅದು ದೂರದಿಂದಲೇ ಗೊತ್ತಾಗುತ್ತದೆ. ಯಾಕೆಂದರೆ ಡೆನಿಮ್ಮಿನಲ್ಲಿ ಹಾಸಿನ ನೂಲಿಗೆ ಮಾತ್ರ ನೀಲಿ, ಹೊಕ್ಕಿನ ನೂಲು ಬಿಳಿ. ಆ ನೀಲಿಯೂ ನೂಲಿನ ಮೈಮೇಲಷ್ಟೇ ಕೂತಿರುತ್ತದೆ, ತಿರುಳಿನವರೆಗೆ ಇಳಿಯುವುದಿಲ್ಲ. ಉಜ್ಜಿದ ಕಡೆಯೆಲ್ಲ ಬಿಳಿಚುತ್ತದೆ, ಎಲ್ಲಕ್ಕಿಂತ ಹೆಚ್ಚು ಕಾಲಿನ ಅಂಚು. ಆ ಬಿಳಿಚಿದ ಅಂಚನ್ನು ಕತ್ತರಿಸಿ ಬಿಸಾಕಿದರೆ ಹೊಸದಾಗಿ ಮಡಚಿದ ಜಾಗ ಕಡುನೀಲಿಯಾಗಿ ಎದ್ದು ಕಾಣುತ್ತದೆ. ಮಾಸ್ತರರು ಮಾಡುವುದು ಎರಡನೇ ವಿಧ. ಹಳೆಯ ಅಂಚನ್ನು ಪಟ್ಟಿಯ ಹಾಗೆ ಹಾಗೇ ಬಿಡಿಸಿಕೊಂಡು, ನಡುವಿನ ಬಟ್ಟೆ ತೆಗೆದು, ಅಂಚನ್ನು ಮತ್ತೆ ಮೇಲಕ್ಕೆ ಜೋಡಿಸುತ್ತಾರೆ. ಜೋಡಿಸಿದ ಗೆರೆ ಹಳೆಯ ಕಿತ್ತಳೆ ಹೊಲಿಗೆಯ ನೆರಳಿನಲ್ಲಿ ಅಡಗುತ್ತದೆ.

ಪಕ್ಕದ ಹೊಲಿಗೆಯೂ ಕೆಳಗಿನ ಮಡಿಕೆಯೂ ಕೂಡುವ ಜಾಗದಲ್ಲಿ ಹತ್ತು ಹನ್ನೆರಡು ಪದರ ಬಟ್ಟೆ ಗಂಟಾಗಿರುತ್ತದೆ. ಅಲ್ಲಿಗೆ ಬಂದಾಗ ಮಿಷನ್ ನಿಲ್ಲಿಸಿ, ಮೇಜಿನ ಕೆಳಗಿಂದ ಸಣ್ಣ ಸುತ್ತಿಗೆ ತೆಗೆದು, ಆ ಗಂಟನ್ನು ಕಬ್ಬಿಣದ ತುಂಡಿನ ಮೇಲಿಟ್ಟು ಬಡಿದು ಚಪ್ಪಟೆ ಮಾಡಿದರು. ನಂತರ ಪೆಡಲ್ ತುಳಿಯಲಿಲ್ಲ. ಬಲಗೈಯಿಂದ ಚಕ್ರ ತಿರುಗಿಸುತ್ತ ಒಂದೊಂದೇ ಹೊಲಿಗೆ ದಾಟಿಸಿದರು. ಹದಿನೆಂಟು ನಂಬರಿನ ಸೂಜಿ. ಟಕ್ ಎಂದು ಇಳಿದಾಗಲೆಲ್ಲ ಮಗಳು ಕಣ್ಣು ಮುಚ್ಚುತ್ತಿದ್ದಳು, ಸೂಜಿ ಮುರಿದು ಹಾರುತ್ತದೆ ಎಂದು. ಮುರಿಯಲಿಲ್ಲ.

ಇಷ್ಟಕ್ಕೇ ಐದರಲ್ಲಿ ಐದು ಅಂಕ ಕೊಟ್ಟು ಮುಗಿಸಬಹುದಿತ್ತು. ಆದರೆ ದುಡ್ಡು ಕೊಡುವಾಗ ಮಗಳು, “ಅಂಕಲ್, ನನಗೆ ನೈಂಟೀಸ್ ಸ್ಟೈಲಲ್ಲಿ ಒಂದು ಪ್ಯಾಂಟ್ ಹೊಲಿದು ಕೊಡ್ತೀರಾ?” ಎಂದು ಕೇಳಿಬಿಟ್ಟಳು. ಮಾಸ್ತರರು ಕನ್ನಡಕ ಹಣೆಗೇರಿಸಿ, “ತೊಂಬತ್ತರದ್ದು ಅಂದ್ರೆ ಯಾವುದು? ತೊಂಬತ್ತೆರಡರದ್ದಾ, ತೊಂಬತ್ತೊಂಬತ್ತರದ್ದಾ? ಬಾಟಮ್ ಎಷ್ಟಿಡಲಿ?” ಎಂದರು. ಬಾಟಮ್ ಅಂದರೆ ಪ್ಯಾಂಟಿನ ಕಾಲಿನ ತುದಿಯ ಸುತ್ತಳತೆ, ಇಂಚಿನಲ್ಲಿ. ಆ ಪ್ರಶ್ನೆ ಕೇಳುವ ಟೇಲರ್ ನಮ್ಮ ಊರಿನಲ್ಲಿ ಇನ್ನೂ ಇದ್ದಾರೆ ಅನ್ನುವುದಕ್ಕೆ ಈ ವಿಮರ್ಶೆ ಇಷ್ಟು ಉದ್ದ ಆಗುತ್ತಿದೆ.

ಅವರ ಹತ್ತಿರ ಹಳೆಯ ಅಳತೆ ಪುಸ್ತಕಗಳಿವೆ. ಕೆಂಪು ಬಟ್ಟೆಯ ಬೈಂಡಿನ ಉದ್ದನೆಯ ಲೆಡ್ಜರುಗಳು, ಬೀರುವಿನ ಮೇಲೆ, ಜಿರಳೆ ಗುಳಿಗೆಯ ವಾಸನೆ. ಪುಟಕ್ಕೆ ನಾಲ್ಕು ಗಿರಾಕಿ. ಹೆಸರು, ಊರು, ಸೊಂಟ, ಸೀಟು, ತೊಡೆ, ಮೊಣಕಾಲು, ಉದ್ದ, ಬಾಟಮ್. ಬದಿಯಲ್ಲಿ ಆ ಬಟ್ಟೆಯದ್ದೇ ಬೆರಳಗಲದ ತುಂಡು, ಗುಂಡುಪಿನ್ನಿನಿಂದ ಚುಚ್ಚಿದ್ದು. ಪಿನ್ನು ತುಕ್ಕು ಹಿಡಿದು ಹಿಂದಿನ ಮೂರ್ನಾಲ್ಕು ಪುಟಕ್ಕೂ ಅದೇ ಜಾಗದಲ್ಲಿ ಕಂದು ಕಲೆ. ಬಾಟಮ್ ಕಾಲಮ್ಮನ್ನಷ್ಟೇ ಮೇಲಿಂದ ಕೆಳಗೆ ಓದುತ್ತ ಹೋದರೆ ಒಂದು ತಲೆಮಾರಿನ ಹುಡುಗರ ಚರಿತ್ರೆ ಸಿಗುತ್ತದೆ. 1991, 92, 93ರಲ್ಲಿ ಎಲ್ಲ 14, 14, 15. ಅದೇ ಗಿರಾಕಿಗಳ ತೊಡೆಯ ಅಳತೆ ಮಾತ್ರ ಸಿಕ್ಕಾಪಟ್ಟೆ, ಪಕ್ಕದಲ್ಲಿ ‘4 ಪ್ಲೀಟ್’ ಎಂದು ಬರೆದಿದೆ. ಆಗಿನ ಬ್ಯಾಗಿ ಅಂದರೆ ಅದು: ಸೊಂಟದಲ್ಲಿ ನಿರಿಗೆ, ತೊಡೆಯಲ್ಲಿ ಗಾಳಿ, ಕಣಕಾಲಿನಲ್ಲಿ ಬಿಗಿ. ಗಜ್ಜರಿಯನ್ನು ಚೂಪು ತುದಿ ಕೆಳಗಾಗಿ ನಿಲ್ಲಿಸಿದ ಆಕಾರ. 1996ರ ಹೊತ್ತಿಗೆ ನಿರಿಗೆ ಎರಡಕ್ಕೆ ಇಳಿದು ಬಾಟಮ್ 17 ಆಗುತ್ತದೆ. 1999ರ ಪುಟಗಳಲ್ಲಿ ನಿರಿಗೆಯೇ ಇಲ್ಲ, ಬಾಟಮ್ 20, 21, ಒಬ್ಬ ಬನವಾಸಿ ಕಡೆಯ ಹುಡುಗನದ್ದು 23. ಅದಕ್ಕೆ ಪ್ಯಾರಲಲ್ ಎಂದು ಹೆಸರು.

ಈಗ ರೀಲ್ಸಿನಲ್ಲಿ ‘ತೊಂಬತ್ತರ ದಶಕದ ಫ್ಯಾಶನ್’ ಎಂದು ಹಾಕುತ್ತಾರಲ್ಲ, ಅದು ಈ ಕೊನೆಯ ಎರಡು ಮೂರು ವರ್ಷದ್ದು. ಉಳಿದ ದಶಕವನ್ನು ಯಾರೂ ವಾಪಸ್ ತಂದಿಲ್ಲ, ತರದಿರುವುದೇ ಒಳ್ಳೆಯದು. ನನ್ನ ವಯಸ್ಸಿನವರು ಆಗ ಎಲ್ಲ ಎಷ್ಟು ಸರಳ, ಎಷ್ಟು ಚಂದ ಎಂದು ಬರೆದುಕೊಳ್ಳುವುದು ಓದಿದಾಗ ನನಗೆ ನನ್ನ ಚೂಡಿದಾರದ ಶೋಲ್ಡರ್ ಪ್ಯಾಡ್ ನೆನಪಾಗುತ್ತದೆ. ಶಿರಸಿಯ ಜುಲೈ ತಿಂಗಳಲ್ಲಿ ಭುಜದ ಮೇಲೆ ಎರಡು ಒದ್ದೆ ಸ್ಪಂಜು ಹೊತ್ತುಕೊಂಡು ಬಸ್ಸಿನಲ್ಲಿ ನಿಂತವರಿಗೆ ಮಾತ್ರ ಅದರ ಚಂದ ಗೊತ್ತು.

ನಾನು ಪಿಯುಸಿ ಸೇರಿದ್ದು 1994ರಲ್ಲಿ. ಎಸ್ಸೆಸ್ಸೆಲ್ಸಿವರೆಗೆ ಉದ್ದ ಲಂಗ ಅಥವಾ ಮಿಡಿ, ಕಾಲೇಜು ಅಂದರೆ ಚೂಡಿ. ಚರ್ಚೆಯೆಲ್ಲ ವೇಲ್ ಬಗ್ಗೆ. ಎರಡೂ ಭುಜಕ್ಕೆ ಪಿನ್ ಮಾಡಿ ಮುಂದೆ ವಿ ಆಕಾರದಲ್ಲಿ ಬಿಟ್ಟರೆ ‘ಪಾಪದ ಕೂಸು’. ಒಂದೇ ಭುಜದ ಮೇಲೆ ಉದ್ದಕ್ಕೆ ಇಳಿಬಿಟ್ಟರೆ ಲೆಕ್ಚರರುಗಳ ಕಣ್ಣು. ಕುತ್ತಿಗೆಗೆ ಸುತ್ತಿ ಎರಡೂ ತುದಿ ಹಿಂದಕ್ಕೆ ಹಾಕಿಕೊಂಡವಳು ಒಬ್ಬಳೇ ಇದ್ದಳು. ಕಾರವಾರದಿಂದ ಬಂದು ಹಾಸ್ಟೆಲ್ಲಿನಲ್ಲಿದ್ದವಳು. ಕಾರವಾರದವರಿಗೆ ಕಾಳಿ ಸೇತುವೆ ದಾಟಿದರೆ ಗೋವಾ, ರಜೆ ಸಿಕ್ಕಿದರೆ ಮಡಗಾಂವ್ ಪೇಟೆ. ನಮಗೆ ಹುಬ್ಬಳ್ಳಿಯ ದುರ್ಗದಬೈಲು, ಅದೂ ಮನೆಯಲ್ಲಿ ಯಾರದಾದರೂ ಮದುವೆ ಇದ್ದರೆ. ಕರಾವಳಿಯಲ್ಲಿ ಭಟ್ಕಳದ ಕಡೆ ಗಲ್ಫಿನಿಂದ ಬಂದವರ ಸಾಮಾನು ಸಿಗುತ್ತಿತ್ತು, ಸೆಂಟು, ಕನ್ನಡಕ, ಮಿರುಗುವ ಬಟ್ಟೆ. ಘಟ್ಟದ ಮೇಲಿನ ನಾವು ಕ್ಲಿಪ್ಪು, ಲವ್ ಇನ್ ಟೋಕಿಯೋ ಎಂಬ ಜಡೆಯ ರಬ್ಬರ್ ಬ್ಯಾಂಡು, ವೆಲ್ವೆಟ್ಟಿನ ಸ್ಟಿಕರ್ ಬಿಂದಿಗೆಲ್ಲ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಸಾಲಂಗಡಿಯನ್ನೇ ನೆಚ್ಚಿಕೊಂಡಿದ್ದೆವು. ಒಂದು ಜಾತ್ರೆಯಲ್ಲಿ ಕೊಂಡ ಫ್ಯಾಶನ್ ಇನ್ನೊಂದು ಜಾತ್ರೆಯವರೆಗೆ ಬಾಳಬೇಕಿತ್ತು.

ಅದೇ 1994ರಲ್ಲಿ ಸುಷ್ಮಿತಾ ಸೇನ್ ಮಿಸ್ ಯೂನಿವರ್ಸ್, ಐಶ್ವರ್ಯಾ ರೈ ಮಿಸ್ ವರ್ಲ್ಡ್. ಐಶ್ವರ್ಯಾ ಹುಟ್ಟಿದ್ದು ಮಂಗಳೂರಿನಲ್ಲಿ, ಹಾಗಾಗಿ ನಮ್ಮ ಕ್ಲಾಸಿನ ಅರ್ಧದಷ್ಟು ಜನ ಅವಳನ್ನು ನೆಂಟಳೆಂದೇ ತಿಳಿದಿದ್ದರು. ನನಗೆ ಇಷ್ಟವಾದ ಕತೆ ಸುಷ್ಮಿತಾಳದ್ದು. ಮಿಸ್ ಇಂಡಿಯಾ ಗೆದ್ದ ರಾತ್ರಿ ತೊಟ್ಟ ಗೌನು ದೆಹಲಿಯ ಸರೋಜಿನಿ ನಗರ ಮಾರ್ಕೆಟ್ಟಿನಲ್ಲಿ ಕೊಂಡ ಬಟ್ಟೆಯದ್ದು, ಹೊಲಿದವರು ಪೆಟಿಕೋಟ್ ಹೊಲಿಯುವ ಟೇಲರ್, ಕೈಗವಸು ಮಾಡಿದ್ದು ಕಾಲುಚೀಲದಿಂದ ಎಂದು ಅವಳೇ ಆಮೇಲೆ ಸಂದರ್ಶನದಲ್ಲಿ ಹೇಳಿದ್ದಾಳೆ. ಇದನ್ನು ಮಾಸ್ತರರಿಗೆ ಹೇಳಿದೆ. “ಪೆಟಿಕೋಟ್ ಹೊಲಿಯುವವನಿಗೆ ಸೊಂಟದ ಲೆಕ್ಕ ಗೊತ್ತಿರ್ತದೆ, ಉಳಿದದ್ದೆಲ್ಲ ಇಸ್ತ್ರಿ” ಅಂದರು. ಹೊಗಳಿಕೆಯೋ ಅಸೂಯೆಯೋ ತಿಳಿಯಲಿಲ್ಲ.

ನಮ್ಮ ಮನೆಗೆ ಮೊದಲು ಜೀನ್ಸ್ ಬಂದದ್ದು ಇದೇ ಅಂಗಡಿಯಿಂದ. 1995ರಲ್ಲಿ ಅರವಿಂದ್ ಮಿಲ್ಸಿನವರು ರಫ್ ಅಂಡ್ ಟಫ್ ಎಂದು ಹೊಲಿಯದ ಜೀನ್ಸನ್ನು ಪ್ಯಾಕೆಟ್ಟಿನಲ್ಲಿ ಮಾರತೊಡಗಿದರು. ಒಳಗೆ ಡೆನಿಮ್ ಬಟ್ಟೆ, ಜಿಪ್ಪು, ರಿವೆಟ್ಟು, ಸೊಂಟದ ಹಿಂದೆ ಹಚ್ಚುವ ಪಟ್ಟಿ. ಬೆಲೆ 195 ರೂಪಾಯಿ, ಜಾಹೀರಾತಿನಲ್ಲಿ ಅಕ್ಷಯ್ ಕುಮಾರ್. ಟೇಲರಿಗೆ ಕೊಟ್ಟು ಹೊಲಿಸಿಕೊಂಡರೆ ಆಯಿತು. ರೆಡಿಮೇಡ್ ಕಂಪನಿ ಜೀನ್ಸ್ ಕೊಳ್ಳುವ ಶಕ್ತಿ ಇಲ್ಲದ ಸಣ್ಣ ಊರಿನ ಹುಡುಗರನ್ನು ನೋಡಿಯೇ ಮಾಡಿದ ಲೆಕ್ಕಾಚಾರ ಅದು, ಬಹಳ ಜಾಣ ಲೆಕ್ಕಾಚಾರ. ಕಂಪನಿಯ ಹೆಸರಿನ ಪಟ್ಟಿಯೂ ಸಿಕ್ಕಿತು, ಊರಿನ ಟೇಲರಿನ ಫಿಟ್ಟಿಂಗೂ ಸಿಕ್ಕಿತು. ಅಣ್ಣ ಆ ಪ್ಯಾಕೆಟ್ಟನ್ನು ಅಪ್ಪನಿಗೆ ಕಾಣದಂತೆ ಅಡಿಕೆ ಚೀಲದ ಹಿಂದೆ ಇಟ್ಟಿದ್ದ.

ಮಾಸ್ತರರಿಗೂ ಅದು ಹೊಸದು. ಟೆರಿಕಾಟ್ ಹೊಲಿದು ರೂಢಿಯಾದ ಕೈ. ಹುಬ್ಬಳ್ಳಿಯಿಂದ ಯಾರದೋ ಹರಿದ ಜೀನ್ಸ್ ತರಿಸಿ, ಒಂದೊಂದೇ ಹೊಲಿಗೆ ಬಿಚ್ಚಿ, ತುಂಡುಗಳನ್ನು ನೆಲದ ಮೇಲೆ ಹಾಸಿ ನೋಡಿ ಕಲಿತರಂತೆ. ಮೊದಲ ಕೆಲವು ಪ್ಯಾಂಟುಗಳಿಗೆ ಬಟ್ಟೆಯನ್ನು ನೆನೆಹಾಕದೆ ಹೊಲಿದು, ಒಂದು ಒಗೆತಕ್ಕೆ ಗಿರಾಕಿಗಳ ಕಣಕಾಲು ಕಂಡಿತಂತೆ. ಅಲ್ಲಿಂದ ಡೆನಿಮ್ ಬಂದರೆ ಒಂದು ರಾತ್ರಿ ಬಕೀಟಿನಲ್ಲಿ ಮುಳುಗಿಸಿಡುವುದು ಕಡ್ಡಾಯ. ಇವತ್ತಿಗೂ ನೀವು ಹೊಸ ಬಟ್ಟೆ ಕೊಟ್ಟರೆ, “ನೆನೆಸಿದ್ದೀರಾ?” ಎನ್ನುವುದೇ ಮೊದಲ ಪ್ರಶ್ನೆ.

ಅಣ್ಣನ ಜೀನ್ಸ್ ಮಳೆಗಾಲ ಪೂರ್ತಿ ಒಣಗಲೇ ಇಲ್ಲ. ಬಚ್ಚಲ ಒಲೆಯ ಮೇಲೆ ಗಳಕ್ಕೆ ಹಾಕಿದರೆ ಮೂರನೇ ದಿನಕ್ಕೆ ಒಣಗಿದಂತೆ ಆಗುತ್ತಿತ್ತು, ಆದರೆ ಹೊಗೆಯ ವಾಸನೆ. ಕಾಲೇಜಿನಲ್ಲಿ ಯಾರು ತೋಟದ ಮನೆಯಿಂದ ಬಂದವರು, ಯಾರು ಪೇಟೆಯವರು ಎಂದು ಜೀನ್ಸ್ ಮೂಸಿದರೆ ಗೊತ್ತಾಗುತ್ತಿತ್ತು. ಕೊಯ್ಲಿನ ಕಾಲದಲ್ಲಿ ಅದರ ಮೇಲೆ ಚೊಗರು ಬಿತ್ತು. ಅಡಿಕೆ ಬೇಯಿಸಿದ ಚೊಗರಿನ ಕಲೆಯನ್ನು ಇದುವರೆಗೆ ಯಾವ ಸೋಪೂ ತೆಗೆದಿಲ್ಲ. ತೊಡೆಯ ಮೇಲೆ ಕೆಂಪು ಕಲೆ ಇಟ್ಟುಕೊಂಡೇ ಅವನು ಡಿಗ್ರಿ ಮುಗಿಸಿದ. ಈಗ ಅಂಥ ಕಲೆಯನ್ನು ಅಂಗಡಿಯವರೇ ಮಾಡಿ ಹೆಚ್ಚು ದುಡ್ಡಿಗೆ ಮಾರುತ್ತಾರೆ.

ಹುಡುಗಿಯರಿಗೆ ಜೀನ್ಸ್ ಆಗ ದೂರದ ಮಾತು. ಪೇಟೆಯಲ್ಲಿ ಕೇಬಲ್ ಇದ್ದವರ ಮನೆಯಲ್ಲಿ ಜೀ ಟಿವಿ, ಆಮೇಲೆ ಎಂಟಿವಿ ನೋಡಿ ಬಂದು, ‘ಹೀಗೆ ಹೊಲಿದುಕೊಡಿ’ ಎಂದು ನೋಟ್‌ಬುಕ್ಕಿನ ಹಿಂಪುಟದಲ್ಲಿ ಕುತ್ತಿಗೆ ಬರೆದು ತೋರಿಸುತ್ತಿದ್ದೆವು. ಮಾಸ್ತರರು ಅದನ್ನು ಎರಡು ಇಂಚು ಮೇಲೇರಿಸಿ ಹೊಲಿಯುತ್ತಿದ್ದರು. ಕೇಳಿದರೆ, “ನಿಮ್ಮ ಅಪ್ಪಯ್ಯನಿಗೆ ನಾನು ಉತ್ತರ ಕೊಡಬೇಕಲ್ಲ ತಂಗಿ.” ನನಗೆ ಅದು ಆಗಲೂ ಸಿಟ್ಟು, ಈಗಲೂ ಸಿಟ್ಟು. ಅಳತೆ ಪುಸ್ತಕದಲ್ಲಿ ನನ್ನ ಪುಟ ಹುಡುಕಿಸಿದೆ. ಕುತ್ತಿಗೆ ‘7’ ಎಂದು ಬರೆದು, ಅದನ್ನು ಹೊಡೆದು ‘5’ ಮಾಡಿದ್ದು ಅಲ್ಲೇ ಇದೆ, ಪಕ್ಕದಲ್ಲಿ ನೇರಳೆ ಬಣ್ಣದ ಬಟ್ಟೆಯ ಚೂರು. ಮಗಳು ಆ ಪುಟದ ಫೋಟೋ ತೆಗೆದುಕೊಂಡಳು. ಈಗ ಹಾಗೆಲ್ಲ ಮಾಡುತ್ತೀರಾ ಎಂದು ಕೇಳಿದ್ದಕ್ಕೆ ಮಾಸ್ತರರು, “ಈಗ ಅಪ್ಪಂದಿರು ಬರೋದೇ ಇಲ್ಲ, ಹುಡುಗೀರೇ ಫೋನ್‌ಪೇ ಮಾಡ್ತಾರೆ” ಎಂದು ನಕ್ಕರು.

1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಾಟ ಶುರುಮಾಡಿದ ಮೇಲೆ ಮುಂಬೈ ನೆಂಟರು ಕುಮಟಾದಲ್ಲಿ ಇಳಿದು ದೇವಿಮನೆ ಘಟ್ಟ ಹತ್ತಿ ಬರತೊಡಗಿದರು. ಫ್ಯಾಶನ್ನಿನ ವೇಗವೂ ಹೆಚ್ಚಿತು. ಪ್ಯಾರಲಲ್ ಬಂತು, ಅದರ ಬೆನ್ನಿಗೆ ಮೈತುಂಬ ಜೇಬಿನ ಕಾರ್ಗೋ, ಆಮೇಲೆ ಬಾಗಿದರೆ ಕಷ್ಟವಾಗುವ ಲೋ ವೇಸ್ಟ್, ಪಟಿಯಾಲ, ಲೆಗಿಂಗ್ಸ್, ಪೆನ್ಸಿಲ್. ಲೆಗಿಂಗ್ಸಿಗೆ ಟೇಲರ್ ಬೇಡ. ಆ ಸಂದಿಯಲ್ಲಿದ್ದ ಉಳಿದ ಹೊಲಿಗೆ ಅಂಗಡಿಗಳು ಒಂದೊಂದಾಗಿ ಮೊಬೈಲ್ ಅಂಗಡಿಗಳಾದವು. ಮಾಸ್ತರರು ಉಳಿದದ್ದು ರೆಡಿಮೇಡ್ ಬಟ್ಟೆಯ ರಿಪೇರಿಯಿಂದಲೇ.

ಮಗಳ ಪ್ಯಾಂಟಿಗೆ ಬರುತ್ತೇನೆ. ಇಬ್ಬರೂ ಕೂತು ಪುಸ್ತಕ ಮಗುಚಿ ಕೊನೆಗೆ 1992ರದ್ದೇ ಆಗಲಿ ಎಂದು ತೀರ್ಮಾನಿಸಿದರು. ಪೇಟೆಯಲ್ಲಿ ಕಂದು ಬಣ್ಣದ ದಪ್ಪ ಕಾಟನ್ ತೆಗೆದುಕೊಂಡೆವು, ನೆನೆಸಿ ಒಣಗಿಸಿ ಕೊಟ್ಟೆವು. ನಾಲ್ಕು ಪ್ಲೀಟ್, ಬಾಟಮ್ 15. ಬಂದದ್ದು ನೋಡಿದರೆ ಸೊಂಟಪಟ್ಟಿ ಬೆನ್ನಿನ ಕಡೆ ಎಲ್ಲೂ ಬಾಯಿ ಬಿಡದೆ ಕೂತಿದೆ. ಪ್ಲೀಟ್ ನಿಂತಾಗ ಮುಚ್ಚಿಕೊಂಡು ಕೂತಾಗ ಮಾತ್ರ ತೆರೆಯುತ್ತದೆ, ಹಾಗೇ ಇರಬೇಕು. ಎಲ್ಲಕ್ಕಿಂತ ಮುಖ್ಯ ಜೇಬು. ಹುಡುಗಿಯರ ರೆಡಿಮೇಡ್ ಪ್ಯಾಂಟಿನ ಜೇಬಿನಲ್ಲಿ ಎರಡು ಬೆರಳು ಹೋದರೆ ಹೆಚ್ಚು, ಕೆಲವದರಲ್ಲಿ ಬರೀ ಹೊಲಿಗೆಯ ಗೆರೆ, ಜೇಬೇ ಇಲ್ಲ. ಮಾಸ್ತರರು ಗಂಡಸರ ಜೇಬನ್ನೇ ಇಟ್ಟಿದ್ದಾರೆ. ಫೋನು, ಬಸ್ ಪಾಸು, ಅರ್ಧ ತಿಂದ ಚಿಕ್ಕಿ ಎಲ್ಲ ಒಳಗೆ. ಮಗಳ ಇಬ್ಬರು ಗೆಳತಿಯರು ಆ ಜೇಬು ನೋಡಿಯೇ ಅಲ್ಲಿಗೆ ಹೋಗಿ ಅಳತೆ ಕೊಟ್ಟು ಬಂದಿದ್ದಾರೆ.

ಇನ್ನು ದೂರುಗಳು. ಗುರುವಾರ ಎಂದರೆ ಯಾವ ಗುರುವಾರ ಎಂದು ಕೇಳಿಕೊಳ್ಳಿ. ನಮ್ಮ ಪ್ಯಾಂಟು ಹೇಳಿದ್ದಕ್ಕಿಂತ ಹನ್ನೊಂದು ದಿನ ತಡ, ಅಷ್ಟರಲ್ಲಿ ಮಗಳು ಹಾಕಿಕೊಳ್ಳಬೇಕೆಂದಿದ್ದ ಕಾಲೇಜಿನ ಕಾರ್ಯಕ್ರಮವೇ ಮುಗಿದಿತ್ತು. ಕೇಳಿದರೆ ಕರೆಂಟು ಇರಲಿಲ್ಲ ಎನ್ನುತ್ತಾರೆ, ಮಿಷನ್ ತುಳಿಯುವಂಥದ್ದು. ಹಾಕಿ ನೋಡಲು ಜಾಗ ಎಂದರೆ ಬೀರುವಿಗೂ ಗೋಡೆಗೂ ನಡುವೆ ಎಳೆದ ಪರದೆ. ಕನ್ನಡಿ ಎದೆಯಿಂದ ಮೇಲಷ್ಟೇ ತೋರಿಸುತ್ತದೆ, ಪ್ಯಾಂಟು ನೋಡುವವರಿಗೆ ಅದರಿಂದ ಏನುಪಯೋಗ. ಬ್ಲೌಸ್ ಮಾತ್ರ ಕೊಡಬೇಡಿ. ಕಂಕುಳ ಹಿಡಿಯುತ್ತದೆ, ತೋಳು ಇನ್ನೂ ನಮ್ಮ ಆಯಿಯ ಕಾಲದ್ದೇ.

ದರ ಹೇಳುವುದಾದರೆ, ಸಾದಾ ಗಿಡ್ಡ ಮಾಡಲು 80 ರೂಪಾಯಿ, ಹಳೇ ಅಂಚು ಉಳಿಸಿ ಮಾಡಲು 120, ಪ್ಯಾಂಟ್ ಹೊಲಿಗೆ 650. ನಲವತ್ತು ರೂಪಾಯಿಯ ಮುಖ ನೋಡದೆ ಅಂಚು ಉಳಿಸಿಕೊಳ್ಳಿ. ಫೋನ್‌ಪೇ ನಡೆಯುತ್ತದೆ, ನಂಬರು ಸೊಸೆಯದ್ದು. ಜೂನ್ ಮೊದಲ ವಾರ ಯೂನಿಫಾರ್ಮಿನ ರಾಶಿ, ಜಾತ್ರೆಯ ಹಿಂದಿನ ತಿಂಗಳು ಇಡೀ ಊರಿನ ರಾಶಿ, ಆ ಎರಡು ಹೊತ್ತು ಬಿಟ್ಟು ಹೋಗಿ. ಬೆಳಿಗ್ಗೆ ಹತ್ತೂವರೆಗೆ ಮುಂಚೆ ಬಾಗಿಲು ತೆಗೆದಿರುವುದಿಲ್ಲ. ಫೋನ್ ಮಾಡಿ ಕೇಳೋಣ ಎಂದುಕೊಳ್ಳಬೇಡಿ, ಮಿಷನ್ ಸದ್ದಿನಲ್ಲಿ ಅವರಿಗೆ ಕೇಳುವುದಿಲ್ಲ. ಶೂಸ್ ಹಾಕಿಕೊಂಡೇ ಹೋಗಿ.